ಹನ್ನೆರಡೂ ತಿಂಗಳು

ಪುರಸಭೆಯ ಕಿಟಕಿಯ ಹುಡುಗಿ ಪೆನ್ನಿನ ತುದಿ ಕಚ್ಚಿ ಕೇಳಿದಳು:
ಯಾವ ತಿಂಗಳಿಂದ ಯಾವ ತಿಂಗಳವರೆಗೆ?
ಫಿನ್ಲೆಂಡಿನವರೆಲ್ಲ ಅಕ್ಟೋಬರಿಗೆ ಬಂದು ಏಪ್ರಿಲ್ಲಿಗೆ ಹೋಗುತ್ತಾರಲ್ಲ,
ಕೊಕ್ಕರೆಗಳ ಹಾಗೆ.
ತೌನೊ ತನಗೆ ಬರುವ ಆರೇಳು ಸ್ಪ್ಯಾನಿಷ್ ಮಾತುಗಳನ್ನು ತಡಕಾಡಿ, ಸೋತು,
ಎರಡೂ ಕೈಯ ಬೆರಳು ಬಿಡಿಸಿ ತೋರಿಸಿದ.
ಹತ್ತು. ಸಾಲಲಿಲ್ಲ.
ನನ್ನ ಕೈಯಿಂದ ಎರಡು ಕಡ ತೆಗೆದುಕೊಂಡ.

ಹೀಗೆ ನಾವು ಫುಯೆನ್ಹಿರೋಲಾದವರಾದೆವು.

ಬಂದದ್ದು ನನ್ನ ಮಂಡಿಗಳ ದೆಸೆಯಿಂದ.
ಕಾಯಾನಿಯಲ್ಲಿ ಡಿಸೆಂಬರಿನ ಹಗಲೆಂದರೆ
ಯಾರೋ ಬಾಗಿಲನ್ನು ಚೂರು ತೆರೆದು
ಓ, ತಪ್ಪು ಮನೆ, ಎಂದು ಮುಚ್ಚಿದಷ್ಟು.
ಡಾಕ್ಟರು ಬಿಸಿಲು ಎಂದರು, ಮಾತ್ರೆಯ ಹೆಸರು ಹೇಳಿದಂತೆ.
ಮೂವತ್ತೊಂದು ಚಳಿಗಾಲ ಹಿಮ ಗೋರುವ ಗಾಡಿ ಓಡಿಸಿದವನು,
ಬೆಳಗಿನ ಮೂರಕ್ಕೆದ್ದು ಊರಿಗೆ ದಾರಿ ಬಿಡಿಸಿದವನು
ಮರುಮಾತಾಡದೆ ಮನೆ ಮಾರಿದ, ದೋಣಿ ಮಾರಿದ,
ಸೌನಾದ ಒಲೆಯನ್ನು ತಂಗಿಗೆ ಕೊಟ್ಟ.
ಅಗಲ ಬಾಯಿಯ ಹಿಮದ ಸಲಿಕೆಯೊಂದು ಮಾತ್ರ
ಸಾಮಾನಿನ ಜತೆ ಹೇಗೋ ಬಂದುಬಿಟ್ಟಿತು.
ಹೇಗೋ, ಅಂತ ಹೇಳಿದ್ದು ಅವನು.

ಮೊದಲ ಬೇಸಿಗೆ, ದುಡ್ಡು ಕೊಟ್ಟು ಕೊಂಡವರ ಹಾಗೆ,
ಬಿಸಿಲನ್ನು ತಟ್ಟೆಯಲ್ಲಿ ಒಂದಗುಳೂ ಬಿಡದೆ ಉಂಡೆವು.
ಜುಲೈಗೆ ನನ್ನ ತೋಳಿನ ಚರ್ಮ
ಬೆಂದ ಆಲೂಗೆಡ್ಡೆಯ ಸಿಪ್ಪೆಯಂತೆ ಎದ್ದು ಬಂತು.
ಎದುರುಮನೆಯ ಎಂಕಾರ್ನಾ ಕರೆಯದೆಯೇ ಒಳಗೆ ಬಂದು
ಕಿಟಕಿಗಳ ಪಟ್ಟಿಪರದೆಗಳನ್ನೆಲ್ಲ ದಡದಡನೆ ಇಳಿಸಿದಳು.
ಹುಚ್ಚರೇನ್ರೋ, ಎಂದಿರಬೇಕು.
ನೆಲಕ್ಕೆ ನೀರು ಚಿಮುಕಿಸಿ,
ಬೆಳ್ಳುಳ್ಳಿ ಅರೆದ ತಣ್ಣನೆ ಟೊಮೆಟೊ ಸಾರು ಮುಂದಿಟ್ಟು,
ಗಡಿಯಾರದ ಎಂಟರ ಮೇಲೆ ಬೆರಳಿಟ್ಟು ತೋರಿಸಿ ಹೋದಳು.
ಅಲ್ಲಿಯವರೆಗೆ ಹೊರಗೆ ಕಾಲಿಡಕೂಡದು.

ನಾಲ್ಕು ಸಾವಿರ ಕಿಲೋಮೀಟರು ಸೂರ್ಯನ ಬೆನ್ನುಹತ್ತಿ ಬಂದವರು
ನಡುಮಧ್ಯಾಹ್ನ ಕತ್ತಲಲ್ಲಿ ಕೂತೆವು,
ಕಾಯಾನಿಯಲ್ಲಿ ಕೂರುತ್ತಿದ್ದ ಹಾಗೆಯೇ.
ಅವನು ನಕ್ಕ. ನಾನೂ.
ಮಂಡಿ ನೋಯುತ್ತಿರಲಿಲ್ಲ, ಅದು ನಿಜ.

ಅವನ ನಿದ್ದೆ ಮಾತ್ರ ನಮ್ಮ ಜತೆ ಬರಲಿಲ್ಲ.
ದಿನಾ ಮೂರಕ್ಕೆದ್ದು ಬಾಲ್ಕನಿಯಲ್ಲಿ ನಿಲ್ಲುತ್ತಾನೆ.
ಕೆಳಗೆ ಸ್ವಚ್ಛ ಬೀದಿ, ಆಚೆ ಸಮುದ್ರ.
ಸಮುದ್ರವನ್ನು ಯಾರೂ ಬದಿಗೆ ಗೋರಬೇಕಿಲ್ಲ.

ಮಾರ್ಚಿನಲ್ಲೊಂದು ರಾತ್ರಿ
ಆಫ್ರಿಕಾದ ಮರಳುಗಾಡು ನೀರು ದಾಟಿ ಬಂತು,
ಯಾವ ಕಿಟಕಿಯಲ್ಲೂ ಹೆಸರು ಬರೆಸದೆ.
ಸುಣ್ಣದ ಗೋಡೆ, ಕಾರು, ಒಣಹಾಕಿ ಮರೆತ ದುಪ್ಪಟಿ, ನಿಂಬೆಗಿಡ,
ಬೀದಿದೀಪದ ಕೆಳಗೆ ಎಲ್ಲಕ್ಕೂ ಇಟ್ಟಿಗೆಪುಡಿಯ ಬಣ್ಣ.
ಹಾಸಿಗೆಯ ಅವನ ಬದಿ ಖಾಲಿ.
ಕೆಳಗಿಂದ ಸದ್ದು: ಕರ್ರ್, ಕರ್ರ್,
ಕಲ್ಲಿಗೆ ತಗಡು ಉಜ್ಜುವ ಸದ್ದು.
ಅರೆನಿದ್ದೆಯಲ್ಲಿ ನಾನು, ಹಿಮ ಬಿತ್ತೇನೋ, ಎಂದುಕೊಂಡೆ.

ಪಾಯಜಾಮದಲ್ಲೇ ಇದ್ದ, ಆ ಸಲಿಕೆ ಹಿಡಿದು.
ಎಂಕಾರ್ನಾ ಮೇಲಿಂದ ಬಾಗಿ ಸಂತರನ್ನೆಲ್ಲ ಕರೆದು ಬೈದಳು,
ಆಮೇಲೆ ಬಕೆಟ್ಟು ಹಿಡಿದು ತಾನೂ ಇಳಿದಳು.
ಮೀನಂಗಡಿಯವನು ಪೈಪು ಎಳೆದು ತಂದ.

ನಮ್ಮೂರಲ್ಲಿ ಇವನನ್ನು ಬೈಯದ ಮನೆಯಿರಲಿಲ್ಲ.
ದಾರಿ ಬಿಡಿಸುತ್ತ ಹೋಗುವ ಗಾಡಿ
ಪ್ರತಿ ಗೇಟಿನ ಮುಂದೂ ಹಿಮದ ದಿಣ್ಣೆಯೊಂದನ್ನು ಬಿಟ್ಟುಹೋಗುತ್ತಿತ್ತು;
ನಿಲ್ಲಿಸಿ ಇಳಿಯಲು ಹೊತ್ತೆಲ್ಲಿ?
ಈಗ ಹೊತ್ತಿದೆ. ಒಂದೊಂದು ಬಾಗಿಲ ಬಳಿಯೂ ನಿಂತು
ಬಗ್ಗಿ, ಹೊಸ್ತಿಲವರೆಗೂ ಗೋರಿ,
ಆ ಕೆಂಪನ್ನು ದೂರ ಒಯ್ದು ಸುರಿದ.

ನಮ್ಮ ಬಾಗಿಲೊಂದನ್ನು ಮರೆತಿದ್ದ.
ತೆರೆದರೆ, ಮೊಣಕಾಲೆತ್ತರದ ಗುಡ್ಡೆ.
ಪೊರಕೆ ಹಿಡಿದು ಹೊರಗೆ ಬಂದು ಬೈದೆ,
ಕಾಯಾನಿಯ ಮಂದಿ ಬೈಯುತ್ತಿದ್ದ ಅದೇ ಮಾತುಗಳಲ್ಲಿ,
ಇಡೀ ಬೀದಿಗೆ ಕೇಳುವ ಹಾಗೆ.
ಅವನ ಮುಖ ನೋಡಬೇಕಿತ್ತು ನೀವು.